ಅಂಗಿಯೊಳಗಿನ ಮಿಡತೆ

ಕೇಳುಗರಿಗೆಲ್ಲ ನಮಸ್ಕಾರ.

1930ರ ದಶಕ. ಬೀಜಿಂಗಿನ ಯೆನ್‌ಚಿಂಗ್ ವಿಶ್ವವಿದ್ಯಾಲಯ. ಮೇಷ್ಟ್ರು ಗಂಭೀರವಾಗಿ ಚೀನಾದ ಇತಿಹಾಸ ಹೇಳುತ್ತಿದ್ದಾರೆ. ಅಷ್ಟರಲ್ಲಿ ಒಬ್ಬ ಹುಡುಗನ ಅಂಗಿಯೊಳಗಿಂದ ಮಿಡತೆ ಕಿರ್ ಕಿರ್ ಎಂದು ಕೂಗತೊಡಗಿತು. ತರಗತಿಯೆಲ್ಲ ನಗು. ಮೇಷ್ಟ್ರಿಗೆ ಸಿಟ್ಟು ಬಂತು, ಹುಡುಗನನ್ನು ಹೊರಗೆ ಕಳಿಸಿದರು.

ಆ ಹುಡುಗನ ಹೆಸರು ವಾಂಗ್ ಶಿಶಿಯಾಂಗ್, ಮುಂದೆ ಚೀನಾದ ಹಳೆಯ ಮರದ ಸಾಮಾನುಗಳ ದೊಡ್ಡ ವಿದ್ವಾಂಸರಾದವರು. ಹುಟ್ಟಿದ್ದು 1914ರಲ್ಲಿ, ಬೀಜಿಂಗಿನ ಉಳ್ಳವರ ಮನೆಯಲ್ಲಿ. ತಾಯಿ ಒಳ್ಳೆಯ ಚಿತ್ರಕಾರ್ತಿ, ಮೀನಿನ ಚಿತ್ರಗಳಿಗೆ ಹೆಸರಾದವರು. ಮಗನಿಗೋ ಪಾರಿವಾಳ, ಡೇಗೆ, ಬೇಟೆನಾಯಿ, ಮಿಡತೆ. ನಮ್ಮ ಕಡೆಯಾಗಿದ್ದರೆ 'ಹುಡುಗ ಕೆಟ್ಟ' ಅಂತ ತೀರ್ಮಾನ ಆಗಿಬಿಡುತ್ತಿತ್ತು, ಅಲ್ವಾ?

ಅಂಗಿಯೊಳಗೆ ಮಿಡತೆ ಯಾಕೆ ಬಂತು ಅಂತ ಹೇಳಬೇಕು. ಬೀಜಿಂಗಿನವರಿಗೆ ಚಳಿಗಾಲದಲ್ಲೂ ಕೀಟದ ದನಿ ಕೇಳುವ ಹುಚ್ಚು. ಸಣ್ಣ ಸೋರೆಬುರುಡೆಯಲ್ಲಿ ಮಿಡತೆ ಇಟ್ಟು, ಮೈಶಾಖ ತಾಗಲಿ ಅಂತ ಎದೆಯ ಹತ್ತಿರ ಇಟ್ಟುಕೊಳ್ಳುತ್ತಾರೆ. ಆ ಬುರುಡೆಯೂ ಸುಮ್ನೆ ಬುರುಡೆಯಲ್ಲ. ಎಳೆಗಾಯಿ ಬಳ್ಳಿಯಲ್ಲಿರುವಾಗಲೇ ಅದಕ್ಕೆ ಅಚ್ಚು ತೊಡಿಸುತ್ತಾರೆ. ಕಾಯಿ ಬಲಿಯುತ್ತಾ ಅಚ್ಚನ್ನು ತುಂಬಿಕೊಳ್ಳುತ್ತದೆ. ಅಚ್ಚಿನಲ್ಲಿ ಕೆತ್ತಿದ ಹೂವು, ಬಳ್ಳಿ ಎಲ್ಲ ಸಿಪ್ಪೆಯ ಮೇಲೆ ಉಬ್ಬಿ ಮೂಡುತ್ತವೆ. ವಾಂಗ್ ಇಂಥ ಬುರುಡೆಗಳನ್ನು ತಾವೇ ಬೆಳೆದರು. ಮುಂದೆ ಅವುಗಳ ಬಗ್ಗೆ ಪುಸ್ತಕ ಬರೆದರು. ಪಾರಿವಾಳದ ಬಾಲಕ್ಕೆ ಕಟ್ಟುವ ಸೀಟಿಯ ಬಗ್ಗೆಯೂ ಬರೆದರು. ಹಕ್ಕಿ ಹಾರಿದರೆ ಊರಿನ ಮೇಲೆಲ್ಲ ಗುಂಯ್ ಅನ್ನುವ ಸೀಟಿ ಅದು.

1939ರಲ್ಲಿ ತಾಯಿ ತೀರಿಕೊಂಡರು. ಅಲ್ಲಿಂದ ವಾಂಗ್ ಓದಿಗೆ ಬಿದ್ದರು. ಚೀನಾದ ಚಿತ್ರಕಲೆಯ ವಿಚಾರಗಳ ಇತಿಹಾಸವನ್ನೇ ಎಂ.ಎ. ಪ್ರಬಂಧಕ್ಕೆ ಆರಿಸಿಕೊಂಡರು. ಜಪಾನಿನ ಜೊತೆಗಿನ ಯುದ್ಧ ಮುಗಿದ ಮೇಲೆ, ಆಗ ಲೂಟಿಯಾದ ವಸ್ತುಗಳನ್ನು ಹುಡುಕಿ ತರುವ ಕೆಲಸ ಸಿಕ್ಕಿತು. ಜಪಾನಿಗೆ ಹೋಗಿ 107 ಪೆಟ್ಟಿಗೆ ಅಪರೂಪದ ಪುಸ್ತಕಗಳನ್ನು 1947ರಲ್ಲಿ ವಾಪಸು ತಂದರು. ಇದು ದೇಶ ಮೆಚ್ಚುವ ಕೆಲಸ. ಆದರೆ 1952ರಲ್ಲಿ, ಭ್ರಷ್ಟಾಚಾರದ ವಿರುದ್ಧ ಚಳವಳಿ ನಡೆದಾಗ, ಇದೇ ಕೆಲಸ ಅವರಿಗೆ ಮುಳುವಾಯಿತು. ಇಷ್ಟೊಂದು ಬೆಲೆಬಾಳುವ ವಸ್ತು ಕೈಯಲ್ಲಿ ಹಾದುಹೋಗಿವೆ, ಏನೂ ಎತ್ತಿಟ್ಟುಕೊಂಡಿಲ್ಲವೇ ಅಂತ ಅನುಮಾನ. ಹತ್ತು ತಿಂಗಳು ಸೆರೆಯಲ್ಲಿದ್ದರು. ಕದ್ದದ್ದು ಏನೂ ಸಿಗಲಿಲ್ಲ, ಬಿಟ್ಟರು. ಆದರೆ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಕೆಲಸ ಮಾತ್ರ ಹೋಯಿತು. 1957ರಲ್ಲಿ 'ಬಲಪಂಥೀಯ', ಅಂದರೆ ಕಮ್ಯುನಿಸ್ಟ್ ಸರ್ಕಾರದ ವಿರೋಧಿ, ಅನ್ನುವ ಹಣೆಪಟ್ಟಿ. ಆಮೇಲೆ ಮಾವೋನ ಸಾಂಸ್ಕೃತಿಕ ಕ್ರಾಂತಿ ಬಂತು, ಹೂಬೇ ಪ್ರಾಂತ್ಯದ ಶ್ರಮಶಿಬಿರಕ್ಕೆ ಕಳಿಸಿದರು, ಅದೂ ಕ್ಷಯ ಇರುವಾಗ.

ಇಷ್ಟೆಲ್ಲದರ ನಡುವೆಯೇ ಅವರು ಮರದ ಸಾಮಾನಿನ ಹಿಂದೆ ಬಿದ್ದಿದ್ದರು. ಮಿಂಗ್ ಅರಸರ ಕಾಲದ, ಅಂದರೆ 14ರಿಂದ 17ನೇ ಶತಮಾನದ, ಕುರ್ಚಿ, ಮೇಜು, ಮಂಚ, ಬೀರು. ಆಗ ಅವನ್ನು ಕೇಳುವವರೇ ಜಾಸ್ತಿ ಇರಲಿಲ್ಲ. ವಾಂಗ್ ಸೈಕಲ್ ಹತ್ತಿ ಗುಜರಿ ಅಂಗಡಿ, ಹಳ್ಳಿಮನೆ ಸುತ್ತುತ್ತಿದ್ದರು. ಕೊಳ್ಳಲು ಆಗದಿದ್ದರೆ ಫೋಟೊ ತೆಗೆಯಲು ಬಿಡಿ ಅಂತ ಗೋಗರೆಯುತ್ತಿದ್ದರು.

ಒಂದು ಪ್ರಸಂಗ ಹೇಳುತ್ತೇನೆ. ಬೀಜಿಂಗ್ ಪಕ್ಕದ ತುಂಗ್‌ಜೋದಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಒಂದು ಜೊತೆ ಹಳೆಯ ಸ್ಟೂಲು ಕಂಡವು. ಬೆಲೆ 20 ಯುವಾನ್. ಇವರು ತಕ್ಷಣ ಹಣ ತೆಗೆದರು. ಅಜ್ಜಿಗೆ ಅಲ್ಲೇ ಸಂಶಯ ಬಂತು, ಮಗ ಬರಲಿ ಅಂದಳು. ಚೌಕಾಸಿ ಮಾಡದೆ ಕೊಳ್ಳಹೋದರೆ ಆಗುವುದೇ ಹೀಗೆ! ಸಂಜೆಯವರೆಗೂ ಮಗ ಬರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ, ಪೇಟೆಯ ಅಂಗಡಿಯ ಮುಂದೆ ಒಬ್ಬ ವ್ಯಾಪಾರಿ ಅದೇ ಸ್ಟೂಲಿನ ಮೇಲೆ ಕೂತಿದ್ದಾನೆ. ಈಗ 40. ಜೇಬಿನಲ್ಲಿ ದುಡ್ಡಿರಲಿಲ್ಲ. ಹೋಗಿ ತರುವಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಕೊಂಡವರ ಮನೆಗೆ ವರ್ಷದ ಮೇಲೆ ಎಡತಾಕಿ, ಕೊನೆಗೆ 400 ಕೊಟ್ಟು ತಂದರು. ಅಜ್ಜಿ ಹೇಳಿದ ಬೆಲೆಯ ಇಪ್ಪತ್ತರಷ್ಟು.

ತಂದು ಏನು ಮಾಡುತ್ತಿದ್ದರು? ಬಡಗಿಗಳ ಹತ್ತಿರ ಕೂತು, ಯಾವ ಭಾಗಕ್ಕೆ ಅವರ ಬಾಯಲ್ಲಿ ಏನು ಹೆಸರು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಈ ಸಾಮಾನುಗಳಲ್ಲಿ ಮೊಳೆಗೆ ಕೆಲಸವಿಲ್ಲ. ಒಂದು ತುಂಡಿನ ತುದಿಯಲ್ಲಿ ನಾಲಗೆ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಳಿ. ಜೋಡಿಸಿದ ಮೇಲೆ ಬೆಸುಗೆ ಎಲ್ಲಿದೆ ಅಂತಲೇ ಕಾಣದು. ಆ ಒಳಗಿನ ಜೋಡಣೆಯನ್ನೆಲ್ಲ ಗೆರೆಗೆರೆಯಾಗಿ ಬರೆದು ತೋರಿಸಿದವರು ಅವರ ಹೆಂಡತಿ ಯುವಾನ್ ಚುವಾನ್‌ಯೋ. ನನಗೆ ಕೇಳಿದರೆ, ವಾಂಗ್ ಅವರ ಪುಸ್ತಕಗಳ ಅರ್ಧ ಜೀವ ಆ ಗೆರೆಗಳಲ್ಲೇ ಇದೆ. 1985ರಲ್ಲಿ ಮಿಂಗ್ ಪೀಠೋಪಕರಣಗಳ ಪುಸ್ತಕ ಹೊರಬಂತು. ಜಗತ್ತೆಲ್ಲ ಆ ಕುರ್ಚಿಗಳ ಕಡೆ ತಿರುಗಿತು. ಬೆಲೆಯೂ ಗಗನಕ್ಕೇರಿತು.

ಮರದ ಮಾತು ಬಂತು. ಅವರ ಹತ್ತಿರವಿದ್ದ ದೊಡ್ಡ ಚಿತ್ರಮೇಜು ಜೀತಾನ್ ಮರದ್ದು. ಜೀತಾನ್ ಅಂದರೆ ಬೇರೇನಲ್ಲ, ನಮ್ಮ ಪಕ್ಕದ ಶೇಷಾಚಲದ ಬೆಟ್ಟಗಳ ರಕ್ತಚಂದನ. ಕಳ್ಳಸಾಗಣೆ ಸುದ್ದಿಯಲ್ಲಿ ಮಾತ್ರ ನಾವು ಅದರ ಹೆಸರು ಕೇಳುತ್ತೇವೆ. ಚೀನಾದವರು ಮೆಚ್ಚುವ ಇನ್ನೊಂದು ಮರ ಹುವಾಂಗ್‌ಹುವಾಲಿ, ಅದು ನಮ್ಮ ಬೀಟೆಯ ದಾಯಾದಿ.

ಮನೆಯಲ್ಲಿ ಸಾಮಾನು ಎಷ್ಟು ತುಂಬಿತ್ತೆಂದರೆ ಮನುಷ್ಯರಿಗೇ ಜಾಗವಿರಲಿಲ್ಲ. 1976ರ ಟಾಂಗ್‌ಶಾನ್ ಭೂಕಂಪದ ಮೇಲೆ ಛಾವಣಿ ಬಿದ್ದೀತೆಂಬ ಭಯ. ವಾಂಗ್ ಏನು ಮಾಡಿದರು ಗೊತ್ತಾ? ಮಿಂಗ್ ಕಾಲದ ದೊಡ್ಡ ಬೀರುವಿನೊಳಗೇ ಹಾಸಿಗೆ ಹಾಸಿ ಮಲಗಿದರು! ಗೆಳೆಯರು ಇದರ ಮೇಲೆ ಪದ್ಯ ಕಟ್ಟಿ ನಕ್ಕರು.

1993ರಲ್ಲಿ, ಅವರು ಕೂಡಿಟ್ಟಿದ್ದ 79 ಮರದ ಸಾಮಾನುಗಳು ಶಾಂಘೈ ವಸ್ತುಸಂಗ್ರಹಾಲಯಕ್ಕೆ ಹೋದವು. ಹಾಂಗ್‌ಕಾಂಗಿನವರೊಬ್ಬರು ಕೊಂಡು ದಾನ ಕೊಟ್ಟರು. ವಾಂಗ್ ಹಾಕಿದ ಷರತ್ತು ಒಂದೇ: ಎಲ್ಲವೂ ಅಲ್ಲಿಗೇ ಹೋಗಬೇಕು. ತಮಗೆ ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಮನೆಯಲ್ಲಿ ಟಾಂಗ್ ಅರಸರ ಕಾಲದ, ಸಾವಿರ ವರ್ಷಕ್ಕೂ ಹಳೆಯ ಒಂದು ತಂತಿವಾದ್ಯವೂ ಇತ್ತು, ಗೂಚಿನ್. ಹೆಂಡತಿ ನುಡಿಸುತ್ತಿದ್ದರು. ತಾನು 'ಗೂಚಿನ್‌ನ ಆಳು' ಅಂತ ವಾಂಗ್ ಹೇಳಿಕೊಳ್ಳುತ್ತಿದ್ದರು. 1948ರಲ್ಲಿ ಮೂರು ಒಡವೆ ಮತ್ತು ಒಂದು ಚಿತ್ರಸಂಪುಟ ಕೊಟ್ಟು ಅದನ್ನು ತಂದಿದ್ದರು. 2003ರ ಶರತ್ಕಾಲದಲ್ಲಿ ಹೆಂಡತಿ ತೀರಿಕೊಂಡರು. ಅದೇ ವರ್ಷ ಮನೆಯ ಸಂಗ್ರಹ ಹರಾಜಿಗೆ ಹೋಯಿತು. ಗೂಚಿನ್ ಒಂದಕ್ಕೇ 89 ಲಕ್ಷ ಯುವಾನ್ ದಾಟಿತು.

ಒಂದು ವಸ್ತು ಮಾತ್ರ ಹರಾಜಿಗೆ ಹೋಗಲಿಲ್ಲ. ತರಕಾರಿ ತರುವ ಬುಟ್ಟಿ. ಅದಕ್ಕೆ ಎರಡು ಹಿಡಿ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಪೇಟೆಗೆ ಹೋಗುತ್ತಿದ್ದರು. ಹೆಂಡತಿ ಹೋದ ಮೇಲೆ ಬರೆದ ಪದ್ಯದಲ್ಲಿ ವಾಂಗ್ ಆ ಬುಟ್ಟಿಯ ಬಗ್ಗೆ ಹೇಳುತ್ತಾರೆ: ಅದನ್ನು ನಮ್ಮಿಬ್ಬರ ಗುಣಿಗಳ ನಡುವೆ ಇಡಿ. 2009ರ ನವೆಂಬರಿನಲ್ಲಿ, 95ನೇ ವಯಸ್ಸಿನಲ್ಲಿ, ಅವರೂ ಹೊರಟರು.

ನಮಸ್ಕಾರ.