ಹತ್ತು ಹದಿನೈದರ ಅಂಗಡಿ

ಕೇಳುಗರೆಲ್ಲರಿಗೂ ನಮಸ್ಕಾರ.

"ಇಷ್ಟು ವರ್ಷದಿಂದ ಇಲ್ಲೇ ಅಂಗಡಿ ಇಟ್ಟಿದ್ದೀನಿ ಸಾರ್, ಒಂದು ದಿನ ಬಾಡಿಗೆ ತಪ್ಪಿಸಿಲ್ಲ. ನನ್ನನ್ನ ಸುಮ್‌ಸುಮ್ನೆ ಎಬ್ಬಿಸೋಕೆ ಆಗುತ್ತಾ?" ನೋಟಿಸು ಹಿಡಿದು ಲಾಯರ್ ಹತ್ತಿರ ಓಡುವ ಅಂಗಡಿಯವರು ಮೊದಲು ಕೇಳುವುದು ಇದನ್ನೇ. ಬಹಳ ಸಲ ಉತ್ತರ: ಆಗುತ್ತೆ.

ಬಾಡಿಗೆದಾರನಿಗೆ ಕಾಯ್ದೆಯ ರಕ್ಷಣೆ ಇದೆ ಅನ್ನುವ ನಂಬಿಕೆ 1961ರ ಹಳೇ ಕಾಯ್ದೆಯ ಕಾಲದ್ದು. ಈಗಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅಂಗಡಿ 14 ಚದರ ಮೀಟರ್ ದಾಟಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹತ್ತಡಿ ಅಗಲ, ಹದಿನೈದಡಿ ಉದ್ದದ ಅಂಗಡಿ ಅಂದರೆ 150 ಚದರ ಅಡಿ. ಸುಮಾರು 13.9 ಚದರ ಮೀಟರ್. ಕೂದಲೆಳೆಯಲ್ಲಿ ಕಾಯ್ದೆಯ ಒಳಗೆ! ಅದೂ ಗೋಡೆ ಸೇರಿಸಿ ಅಳೆದಾಗ ಮಾತ್ರ. ಇದರ ಮೇಲೆ ಬಾಡಿಗೆಯ ಮಿತಿ ಬೇರೆ: ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದರೂ ಕಾಯ್ದೆಯಿಂದ ಹೊರಗೆ. ಇವತ್ತು ಆ ದುಡ್ಡಿಗೆ ಬೆಂಗಳೂರಲ್ಲಿ ಯಾವ ಅಂಗಡಿ ಸಿಗುತ್ತೆ, ನೀವೇ ಹೇಳಿ. ಬೀಡಾ ಅಂಗಡಿ, ಹಳೇ ಟೈಲರ್ ಅಂಗಡಿ ಒಳಗೆ ಉಳಿಯಬಹುದು. ದರ್ಶಿನಿ, ಬಟ್ಟೆ ಅಂಗಡಿ, ಮೆಡಿಕಲ್ ಶಾಪ್ ಎಲ್ಲ ಹೊರಗೆ.

ಹೊರಗೆ ಬಿದ್ದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರ 106ನೇ ಕಲಂ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಅಂಗಡಿ ಬಾಡಿಗೆ ತಿಂಗಳ ಲೆಕ್ಕದ್ದು. 15 ದಿನದ ನೋಟಿಸು ಕೊಟ್ಟರೆ ಮುಗಿಯಿತು. ಕಾರಣ ಹೇಳಬೇಕಾಗಿಯೂ ಇಲ್ಲ. ಮೊದಲು ನೋಟಿಸಿನಲ್ಲಿ ಒಂದೆರಡು ದಿನ ಕಡಿಮೆಯಾಗಿದೆ ಅಂತ ವಾದಿಸಿ ಕೇಸು ಬೀಳಿಸುತ್ತಿದ್ದರು. 2002ರ ತಿದ್ದುಪಡಿ ಆ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿತು.

ನನಗೆ ಹೊಟ್ಟೆ ಉರಿಯುವುದು ಅಗ್ರಿಮೆಂಟ್ ವಿಷಯದಲ್ಲಿ. ಸ್ಟ್ಯಾಂಪ್ ಪೇಪರ್ ಮೇಲೆ "ಐದು ವರ್ಷ" ಅಂತ ಟೈಪ್ ಮಾಡಿಸುತ್ತಾರೆ. ಇಬ್ಬರೂ ಸಹಿ ಹಾಕುತ್ತಾರೆ, ನೋಟರಿ ಸೀಲು ಬೀಳುತ್ತದೆ. ಅದನ್ನು ನಂಬಿ ಸಾಲ ತಂದು ಗಾಜು, ಎಸಿ, ಕೌಂಟರ್ ಎಲ್ಲ ಮಾಡಿಸುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆ ನೋಂದಣಿ ಆಗಲೇಬೇಕು. ಆಗದಿದ್ದರೆ ಕೋರ್ಟಿನಲ್ಲಿ ಆ ಐದು ವರ್ಷಕ್ಕೆ ಬೆಲೆಯಿಲ್ಲ. ಮತ್ತೆ ಅದೇ ತಿಂಗಳ ಬಾಡಿಗೆ, ಅದೇ 15 ದಿನ. ನೋಂದಣಿ ಖರ್ಚು ತಪ್ಪಿಸಲು ಮಾಡುವ ಹನ್ನೊಂದು ತಿಂಗಳ ಕರಾರು ಮಾಲೀಕರಿಗೆ ಅನುಕೂಲ. ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿಯುವ ಅಂಗಡಿಯವರಿಗೆ ಅದು ಶುದ್ಧ ನಷ್ಟ ಅಂತಲೇ ನಾನು ಹೇಳುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಇಂತಿಷ್ಟು ವರ್ಷ ಮಾಲೀಕರು ಎಬ್ಬಿಸುವಂತಿಲ್ಲ ಅಂತ ಬರೆಸಿ, ನೋಂದಾಯಿಸಿ.

ಹಾಗಂತ ನೋಟಿಸಿನ ಗಡುವು ಮುಗಿದ ಮಾರನೇ ದಿನ ಮಾಲೀಕರು ಬಂದು ಷಟರ್‌ಗೆ ಬೀಗ ಜಡಿಯುವ ಹಾಗಿಲ್ಲ. ದಾವೆ ಹಾಕಬೇಕು, ಡಿಕ್ರಿ, ಅಂದರೆ ಜಾಗ ಬಿಡಿಸುವ ಕೋರ್ಟಿನ ಆದೇಶ ತರಬೇಕು. ರಾತ್ರೋರಾತ್ರಿ ಸಾಮಾನು ಹೊರಗೆ ಹಾಕಿದರೆ, ಸ್ವಾಧೀನ ವಾಪಸ್ ಕೇಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಆರು ತಿಂಗಳೊಳಗೆ ದಾವೆ ಹೂಡಬೇಕು. ಪೊಲೀಸರು "ಇದು ಸಿವಿಲ್ ಮ್ಯಾಟರ್" ಅಂತ ಕೈತೊಳೆದುಕೊಳ್ಳುವುದು ಮಾಮೂಲಿ. ಅದಕ್ಕೇ ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ಲು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆ ಫೈಲು ಅಂಗಡಿಯೊಳಗೆ ಬೇಡ, ಮನೆಯಲ್ಲಿರಲಿ. ಮಾಲೀಕರು ಬಾಡಿಗೆ ಬೇಡ ಅಂದರೂ ಕಟ್ಟುವುದನ್ನು ನಿಲ್ಲಿಸಬೇಡಿ. ಖಾತೆಗೆ ಹಾಕಿ.

ಇನ್ನು ಕೆಲವರು ಕೇಸು ಎಳೆದಷ್ಟು ಲಾಭ ಅಂದುಕೊಂಡಿರುತ್ತಾರೆ. 2004ರಲ್ಲಿ ಆತ್ಮಾರಾಂ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ತೆರವಿನ ಡಿಕ್ರಿ ಆದ ಮೇಲೂ ಮೇಲ್ಮನವಿ ಹಾಕಿ, ತಡೆಯಾಜ್ಞೆ ಪಡೆದು ಕೂತರೆ, ಹಳೇ ಬಾಡಿಗೆಯಲ್ಲ, ಆ ಜಾಗಕ್ಕೆ ಈಗ ಬರಬಹುದಾದ ಬಾಡಿಗೆಯ ದರದಲ್ಲೇ ದುಡ್ಡು ಕಟ್ಟುವ ಷರತ್ತನ್ನು ಕೋರ್ಟು ಹಾಕಬಹುದು. ಎಂಟು ಸಾವಿರ ಕಟ್ಟುತ್ತಿದ್ದವರು ಐವತ್ತು ಸಾವಿರ ಕಟ್ಟಬೇಕಾಗಿ ಬಂದರೆ ಮೇಲ್ಮನವಿಯ ಆಸೆ ಅಲ್ಲಿಗೇ ಇಳಿಯುತ್ತದೆ.

ನಮಸ್ಕಾರ.