ಮಿಕ್ಸಿ ತಳದ ಕೆಂಪು ಬಟನ್

ನಮಸ್ಕಾರ. ಇವತ್ತು ನಮ್ಮ ಮನೆಯ ಮಿಕ್ಸಿ ವಿಷಯದಿಂದಲೇ ಶುರು ಮಾಡುತ್ತೇನೆ.

ಜುಲೈ ತಿಂಗಳು. ಕೊಡಗಿನ ಜುಲೈ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಅಮ್ಮ ಚಟ್ನಿ ರುಬ್ಬುತ್ತಿದ್ದರು, ಮಿಕ್ಸಿ ನಿಂತುಹೋಯಿತು. ಮಳೆಯಲ್ಲೇ ಬಸ್ಸು ಹತ್ತಿ ಪೇಟೆಗೆ ಒಯ್ದೆ. ಅಂಗಡಿಯವರು ಅದನ್ನು ತಿರುಗಿಸಿಯೂ ನೋಡಲಿಲ್ಲ. "ಮೋಟಾರ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ತಗೊಂಡೆ. ಹಳೆಯದು ಅಟ್ಟ ಸೇರಿತು.

ಎರಡು ವರ್ಷ ಕಳೆದ ಮೇಲೆ ತೋಟದ ಪಂಪ್‌ಸೆಟ್ ನೋಡಲು ಬಂದ ಎಲೆಕ್ಟ್ರಿಷಿಯನ್ ಅಣ್ಣ ಅದನ್ನು ಕೆಳಗಿಳಿಸಿದರು. ಮಗುಚಿ ಹಾಕಿ, ತಳದಲ್ಲಿದ್ದ ಚಿಕ್ಕ ಕೆಂಪು ಬಟನ್ ಒತ್ತಿದರು. ಪ್ಲಗ್ ಹಾಕಿದರು. ಮಿಕ್ಸಿ ತಿರುಗಿತು.

ಜಾರಿಗೆ ಜಾಸ್ತಿ ತುಂಬಿದಾಗ ಮೋಟಾರ್ ಸುಟ್ಟುಹೋಗದಿರಲಿ ಅಂತ ಆ ಬಟನ್ ತಾನಾಗಿಯೇ ಕರೆಂಟ್ ಕಡಿಯುತ್ತದೆ. ಬಿಸಿ ಆರಿದ ಮೇಲೆ ಒಮ್ಮೆ ಒತ್ತಿದರೆ ಸಾಕು. ಅಮ್ಮ ಇಪ್ಪತ್ತು ವರ್ಷದಿಂದ ಮಿಕ್ಸಿ ಬಳಸುತ್ತಿದ್ದಾರೆ. ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟೇ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ನಮ್ಮ ಒಂದೊಂದು ಊರಲ್ಲೂ ದೊಡ್ಡವರಿಗೆ ರಿಪೇರಿ ಕಲಿಸುವ ಒಂದು ಭಾನುವಾರ ಬೇಕು. ಸಮುದಾಯ ಭವನ ಆಗಬಹುದು, ಪಂಚಾಯಿತಿ ಹಾಲ್ ಆಗಬಹುದು. ನಾಲ್ಕು ಮೇಜು, ಸ್ಕ್ರೂಡ್ರೈವರ್, ಟೆಸ್ಟರ್, ಕಟಿಂಗ್ ಪ್ಲೇಯರ್ ಇದ್ದರೆ ಸಾಕು.

ಮೇ ತಿಂಗಳೇ ಯಾಕೆ? ಜೂನ್ ಬಂದರೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ. 2018ರ ಆಗಸ್ಟ್ ನೆನಪಿದೆಯಲ್ವಾ? ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆಯೇ ಬಂದ್ ಆಗಿತ್ತು. ಅಂಥ ಹೊತ್ತಲ್ಲಿ ಪೇಟೆಯಿಂದ ಮೆಕ್ಯಾನಿಕ್ ಬರುತ್ತಾರಾ? ಯುಪಿಎಸ್ ಬ್ಯಾಟರಿಗೆ ನಲ್ಲಿ ನೀರು ಹಾಕಬಾರದು, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ವೀಡ್ ಕಟರ್ ಎತ್ತಿಡುವ ಮುಂಚೆ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಬೇಕು. ಹಾಗೇ ಬಿಟ್ಟರೆ ಹಳೇ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಫ್ಯಾನ್ ನಿಧಾನ ಆದರೆ ಬಹಳ ಸಲ ಹೋಗಿರುವುದು ಕೆಪಾಸಿಟರ್ ಮಾತ್ರ. ನಲ್ಲಿ ತೊಟ್ಟಿಕ್ಕಿದರೆ ವಾಷರ್. ಕುಕ್ಕರ್ ಪಕ್ಕದಲ್ಲಿ ಆವಿ ಬಿಟ್ಟರೆ ಗ್ಯಾಸ್ಕೆಟ್. ಗಮ್‌ಬೂಟ್ ಹರಿದರೆ ಸೈಕಲ್ ಟ್ಯೂಬಿನ ತುಂಡು, ಪಂಚರ್ ಸಲ್ಯೂಷನ್. ಮಳೆಗಾಲಕ್ಕೆ ಮುಂಚೆ ಪೇಟೆಯಲ್ಲಿ ಕೂತು ಕೊಡೆಯ ಕಡ್ಡಿ ಕಟ್ಟಿಕೊಡುತ್ತಿದ್ದವರು ಈಗ ಕಡಿಮೆ ಆಗಿದ್ದಾರೆ. ಆ ಕೈಕೆಲಸವನ್ನು ಅವರಿಂದ ಈಗಲೇ ಕಲಿತುಕೊಳ್ಳಬೇಕು.

ಇದು ಹೊಸ ಯೋಚನೆಯಲ್ಲ. 2009ರಲ್ಲಿ ಮಾರ್ಟಿನೆ ಪೊಸ್ಟ್‌ಮಾ ಅನ್ನುವವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಿಪೇರಿ ಕೆಫೆ, ಅಂದರೆ ಹಾಳಾದ ಸಾಮಾನು ತಂದು ತಿಳಿದವರ ಜೊತೆ ಸೇರಿ ಸರಿಮಾಡಿಕೊಳ್ಳುವ ಜಾಗ, ಶುರು ಮಾಡಿದರು. ನಮ್ಮ ಬೆಂಗಳೂರಿನಲ್ಲೂ 2015ರಿಂದ ಇದೆ, ಪೂರ್ಣಾ ಸರ್ಕಾರ್ ಮತ್ತು ಅಂತರಾ ಮುಖರ್ಜಿ ಸೇರಿ ಕಟ್ಟಿದ್ದು. ರಿಪೇರಿ ಕೆಫೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಪದ್ಧತಿ. ಸಾಮಾನು ಕೊಟ್ಟು ಸಂಜೆ ಬರುತ್ತೇನೆ ಅನ್ನುವ ಹಾಗಿಲ್ಲ. ರಿಪೇರಿ ಮಾಡುವವರ ಪಕ್ಕದಲ್ಲೇ ಕೂರಬೇಕು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಸ್ಕ್ರೂ ಬಿಚ್ಚುವ ಕೈ ಸಾಮಾನು ತಂದವರದ್ದೇ ಆಗಿರಬೇಕು. ಅದರಲ್ಲೂ ಹೆಂಗಸರದ್ದು. ಮಿಕ್ಸಿ, ಗ್ರೈಂಡರ್, ಕುಕ್ಕರ್ ಜೊತೆ ದಿನವಿಡೀ ಒದ್ದಾಡುವುದು ಅವರು, ಸ್ಕ್ರೂಡ್ರೈವರ್ ಇರುವುದು ಮಾತ್ರ ಗಂಡಸರ ಪೆಟ್ಟಿಗೆಯಲ್ಲಿ. ಇದು ಸರಿಯಲ್ಲ.

ಮೊದಲ ಪಾಠ ಮಾತ್ರ ಭಯದ್ದೇ ಆಗಬೇಕು. ಪ್ಲಗ್ ಕಿತ್ತು ಆಮೇಲೆ ಮುಟ್ಟು. ಮೇನ್ ಆಫ್ ಮಾಡು, ಟೆಸ್ಟರ್ ಇಟ್ಟು ನೋಡು. ಒದ್ದೆ ಕೈ, ಒದ್ದೆ ನೆಲ ಬೇಡ. ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಮೈಕ್ರೋವೇವ್ ಬಿಚ್ಚಲೇಬಾರದು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆಗೆದು, ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಬರಬೇಕು, ಆಮೇಲೆ ತಿಳಿದವರನ್ನು ಕರೆಸಬೇಕು. ಯಾವುದಕ್ಕೆ ಕೈ ಹಾಕಬಾರದು ಅಂತ ಗೊತ್ತಿಲ್ಲದವರು ರಿಪೇರಿ ಕಲಿತ ಹಾಗಲ್ಲ.

"ಎಲ್ಲರೂ ಕಲಿತರೆ ಮೆಕ್ಯಾನಿಕ್‌ಗಳ ಹೊಟ್ಟೆಪಾಡು ಏನಾಗುತ್ತದೆ?" ಅಂತ ಒಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಕಲಿಸುವವರು ಅವರೇ ಆಗಬೇಕು, ಅದೂ ಸುಮ್ನೆ ಅಲ್ಲ, ದಿನಗೂಲಿ ಕೊಟ್ಟು. ಮೋಟಾರ್ ವೈಂಡಿಂಗ್ ಯಾರೂ ಒಂದು ಭಾನುವಾರದಲ್ಲಿ ಕಲಿಯುವುದಿಲ್ಲ, ಅದು ಅವರ ಹತ್ತಿರವೇ ಹೋಗುತ್ತದೆ. ಮೋಟಾರ್ ಹೋಗಿದೆಯಾ, ಕಾರ್ಬನ್ ಬ್ರಶ್ ಸವೆದಿದೆಯಾ ಅಂತ ತಿಳಿದು ಹೋಗುವ ಗಿರಾಕಿಗೆ ಯಾರೂ ಮೋಸ ಮಾಡಲು ಆಗುವುದಿಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ಅಂಥ ಗಿರಾಕಿ ಬೇಕು.

ನಮ್ಮಲ್ಲಿ ಕೈಲ್ ಮುಹೂರ್ತದ ದಿನ ಕೋವಿ, ಕತ್ತಿ ತೊಳೆದು ಒರೆಸಿ ಪೂಜೆಗೆ ಇಡುತ್ತೇವೆ. ಕೋವಿ ಶುಚಿ ಮಾಡುವುದನ್ನು ಅಜ್ಜ ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸಿದ್ದರು. ದಿನಾ ಅನ್ನ ಬೇಯಿಸುವ ಕುಕ್ಕರಿಗೂ ಆ ಅಕ್ಕರೆ ಸಿಗಲಿ ಅನ್ನುವುದು ನನ್ನ ಆಸೆ.

ಇನ್ನೊಂದು ಮಾತು. ಈ ಕೆಲಸ ತೋಟದ ಕೆಲಸದವರು ಇರುವ ಲೈನ್ ಮನೆಗಳಿಗೂ ಹೋಗಬೇಕು. ತೋಟದ ಕೆಲಸಕ್ಕೆ ಹೋಗುವವರಿಗೆ ಒಂದು ಮಿಕ್ಸಿ ಅಂದರೆ ಎಷ್ಟೋ ದಿನದ ಸಂಬಳ. ವಾರದ ರಜೆಯ ದಿನವೇ ಇಡಿ. ಸಂತೆಗೆ ಹೋಗಿ ಬರುವಷ್ಟು ಹೊತ್ತು ಬಿಟ್ಟು, ಮಧ್ಯಾಹ್ನ ಶುರು ಮಾಡಿ. ಮಕ್ಕಳನ್ನೂ ಕರೆದುಕೊಂಡು ಬರಲು ಹೇಳಿ.

ನಮ್ಮ ಹಳೇ ಮಿಕ್ಸಿ ಈಗ ಅಡುಗೆಮನೆಯಲ್ಲೇ ಇದೆ. ನಮ್ಮ ಊರಲ್ಲಿ ಆ ಭಾನುವಾರ ಬಂದರೆ ಅದನ್ನು ಮೇಜಿನ ಮೇಲೆ ಮಗುಚಿ ಇಡುತ್ತೇನೆ. ಕೆಂಪು ಬಟನ್ ತೋರಿಸಲು ಅಮ್ಮ ಬರುತ್ತೇನೆ ಅಂದಿದ್ದಾರೆ.