ಒಂಟಿ ಹೇಂಟೆಗೆ ಜೊತೆ

ಕೇಳುಗರಿಗೆ ನಮಸ್ಕಾರ.

ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಇದ್ದ ಮನೆಗೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಅನ್ನುವ ವೈರಸ್ ಕಾಯಿಲೆ ಬಂತು ಅಂದುಕೊಳ್ಳಿ. ವಾರ ಕಳೆಯುವಷ್ಟರಲ್ಲಿ ಗೂಡು ಖಾಲಿ. ಉಳಿದದ್ದು ಒಂದೇ ಹೇಂಟೆ. ಅದು ಸರಿಯಾಗಿ ಮೇಯುವುದಿಲ್ಲ, ಬಾಗಿಲ ಬಳಿ ನಿಂತು ಕೂಗುತ್ತದೆ, ಹೋದವರ ಹಿಂದೆಲ್ಲ ಬರುತ್ತದೆ. ಕೋಳಿ ಗುಂಪಿನ ಜೀವ ಅಲ್ವಾ? ನೋಡಲಾರದೆ ಮನೆಯವರು ಮುಂದಿನ ಸಂತೆಯಲ್ಲೇ ಇನ್ನೊಂದನ್ನು ಹಿಡಿದು ತರುತ್ತಾರೆ.

ದಯವಿಟ್ಟು ತರಬೇಡಿ. ಈಗಲೇ ಬೇಡ.

ಬದುಕಿದ ಹೇಂಟೆ ಗಟ್ಟಿಮುಟ್ಟಾಗಿ ಕಂಡರೂ ಅದರ ಹಿಕ್ಕೆಯಲ್ಲಿ ಕೆಲವು ವಾರ ವೈರಸ್ ಬೀಳುತ್ತಿರಬಹುದು. ಗೂಡಿನ ಮಣ್ಣಲ್ಲೂ ಇರುತ್ತದೆ. ಲಸಿಕೆ ಕಾಣದ ಹೊಸ ಕೋಳಿ ಬಂದರೆ ಅದೂ ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬೀಳುತ್ತದೆ. ಒಂದು ತಿಂಗಳಾದರೂ ಕಾಯಿರಿ. ನನ್ನ ಕೇಳಿದರೆ ಎರಡು. ಅಷ್ಟರಲ್ಲಿ ಗೂಡಿನ ಮೇಲ್ಮಣ್ಣು ಕೆರೆದು ತೆಗೆಯಿರಿ, ಸುಣ್ಣ ಬಳಿಯಿರಿ, ಬಿಸಿಲು ಬೀಳಲಿ. ಹೇಂಟೆಯನ್ನು ಜನ ಓಡಾಡುವ ಕಡೆ ಬಿಡಿ. ಕೆಲವರು ಕನ್ನಡಿ ಇಡುತ್ತಾರೆ. ನನಗೇನೋ ಅದರಲ್ಲಿ ನಂಬಿಕೆ ಇಲ್ಲ.

ಇನ್ನೊಂದು ಮಾತು. ಊರಲ್ಲಿ ಕೋಳಿ ಸತ್ತರೆ ಸಾಕು, ಕೊಕ್ಕರೆ ರೋಗ ಅಂದುಬಿಡುತ್ತಾರೆ. ಸತ್ತ ಕೋಳಿಯನ್ನು ಹೂಳುವ ಮೊದಲೇ ಪಶುವೈದ್ಯರಿಗೆ ತೋರಿಸಿ. ಮೂಗು ಸೋರಿ, ಗೊರಗೊರ ಉಸಿರಾಡುವ ಸಿಆರ್‌ಡಿ, ಅಂದರೆ ಬಹುಕಾಲ ಕಾಡುವ ಉಸಿರಾಟದ ರೋಗ ಆಗಿದ್ದರೆ, ವಾಸಿಯಾದ ಕೋಳಿಯೂ ರೋಗ ಹೊತ್ತುಕೊಂಡೇ ಇರುತ್ತದೆ. ಅಂಥದ್ದಕ್ಕೆ ಜೊತೆ ತರುವ ಆಸೆ ಬಿಡುವುದೇ ಒಳ್ಳೆಯದು.

ತರುವುದಾದರೆ ಒಂದಲ್ಲ, ಎರಡು ಯಾಟೆ, ಅಂದರೆ ಎಳೆ ಹೇಂಟೆ ತನ್ನಿ. ಒಂದೇ ತಂದರೆ ಕುಕ್ಕೆಲ್ಲ ಅದರ ತಲೆಗೇ. ಗಾತ್ರ ಹೆಚ್ಚುಕಡಿಮೆ ಒಂದೇ ಇರಲಿ. ನಾಟಿ ಹೇಂಟೆಯ ಪಕ್ಕ ದಪ್ಪ ಗಿರಿರಾಜ ತಳಿಯ ಕೋಳಿ ಬೇಡ. ಪರಿಚಯದವರ ಮನೆಯ, ಲಸಿಕೆ ಹಾಕಿ ಎರಡು ವಾರ ಕಳೆದ ಕೋಳಿ ಸಿಕ್ಕರೆ ಸಂತೆಯ ಕೋಳಿಗಿಂತ ವಾಸಿ. ಆದರೂ ಮೂರ್ನಾಲ್ಕು ವಾರ ದೂರ ಇಡಿ, ನೀರಿನ ಬಟ್ಟಲೂ ಬೇರೆ. ಆಮೇಲೆ ನಡುವೆ ಜಾಲರಿ ಕಟ್ಟಿ, ಒಂದಕ್ಕೊಂದು ನೋಡಿಕೊಳ್ಳಲಿ. ಕೆಲವು ದಿನ ಬಿಟ್ಟು, ಕತ್ತಲಾದ ಮೇಲೆ ಹೇಂಟೆಯ ಪಕ್ಕ ಅಡ್ಡಗೋಲಿನ ಮೇಲೆ ಕೂರಿಸಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೇ, ಜಗಳಕ್ಕೆ ಹೋಗುವುದಿಲ್ಲ. ಬೆಳಗ್ಗೆ ಎದ್ದು ಕುಕ್ಕಾಡುತ್ತವೆ, ಯಾರು ಮೇಲು ಅಂತ ತೀರ್ಮಾನ ಆಗಬೇಕಲ್ಲ. ಕಾಳನ್ನು ಎರಡು ಕಡೆ ಹಾಕಿ, ಸುಮ್ನೆ ಬಿಡಿ. ರಕ್ತ ಬಂದರೆ ಮಾತ್ರ ಕೂಡಲೇ ಬೇರ್ಪಡಿಸಿ. ರಕ್ತ ಕಂಡರೆ ಮಿಕ್ಕವೂ ಅಲ್ಲೇ ಕುಕ್ಕುತ್ತವೆ.

ಲಸಿಕೆ ಎರಡು ಕೋಳಿಗೆ ಎಲ್ಲಿ ಸಿಗುತ್ತದೆ ಅನ್ನಬಹುದು. ಒಂದು ಬಾಟಲಿ ನೂರಾರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ಜಾಸ್ತಿ ಹೊತ್ತು ಇಡುವಂತಿಲ್ಲ. ಅದಕ್ಕೇ ಬೀದಿಯವರೆಲ್ಲ ಮಾತಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಒಂದೇ ದಿನ ಹಾಕಿಸಿ. ಹಿಂದಿನ ಸಂಜೆಯೇ ಕೋಳಿಗಳನ್ನು ಗೂಡಿಗೆ ಹಾಕಿಟ್ಟಿರಿ. ಇಲ್ಲದಿದ್ದರೆ ಬೆಳಗ್ಗೆ ಬೀದಿಯೆಲ್ಲ ಅಟ್ಟಿಸಿಕೊಂಡು ಓಡಬೇಕಾದೀತು.

ನಮಸ್ಕಾರ.